ಗಣಕ ಪ್ರಶ್ನೋತ್ತರ: ಡಿಸ್ಕ್ ಹಾಕಿದರೆ ಸಿನಿಮಾ ತಡವರಿಸುತ್ತದೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯ ಕಂಪ್ಯೂಟರಿನಲ್ಲಿ ಡಿಸ್ಕ್ ಹಾಕಿ ಸಿನಿಮಾ ನೋಡುವವರದು. ದೂರು ಒಂದೇ, ಕಾರಣ ಒಬ್ಬೊಬ್ಬರದು ಒಂದೊಂದು. ಮೊದಲ ಉತ್ತರದಲ್ಲಿ ಹೇಳಿರುವ ಪರೀಕ್ಷೆ ಉಳಿದವರಿಗೂ ಬೇಕಾದದ್ದು. ಅದನ್ನು ಮಾಡಿ ನೋಡಿದ ಮೇಲೆಯೇ ಸ್ಕ್ರೂಡ್ರೈವರ್ ಹಿಡಿಯಿರಿ.

ಪ್ರಶ್ನೆ: ನಮ್ಮದು ಹಳೆಯ ಡೆಸ್ಕ್‌ಟಾಪ್, ವಿಂಡೋಸ್ 7 ಇದೆ. ಮಗಳ ಮದುವೆಯ ಡಿವಿಡಿ ಹಾಕಿದರೆ ಚಿತ್ರ ನಿಂತು ನಿಂತು ಬರುತ್ತದೆ, ಧ್ವನಿ ತುಂಡಾಗುತ್ತದೆ. ಅಂಗಡಿಯವರು ರ್‍ಯಾಮ್ ಹೆಚ್ಚಿಸಿ ಅನ್ನುತ್ತಾರೆ. ಹಾಕಿಸಬೇಕೇ?
– ಓದುಗರು, ಶಿರಸಿ

ಉತ್ತರ: ಈಗಲೇ ಬೇಡ. ಡಿವಿಡಿ ಓಡಿಸುವುದು ಕಂಪ್ಯೂಟರಿಗೆ ದೊಡ್ಡ ಕೆಲಸವಲ್ಲ. ಡಿವಿಡಿಯಲ್ಲಿ ಚಿತ್ರ, ಧ್ವನಿ, ಸಬ್‌ಟೈಟಲ್ ಎಲ್ಲ ಸೇರಿ ಸೆಕೆಂಡಿಗೆ ಹೆಚ್ಚೆಂದರೆ 10.08 ಮೆಗಾಬಿಟ್, ಅಂದರೆ ಸುಮಾರು 1.26 ಮೆಗಾಬೈಟ್ ಮಾಹಿತಿ ಬರಬಹುದು. ಡ್ರೈವಿನ 1ಎಕ್ಸ್, ಅಂದರೆ ಮೂಲ ವೇಗವೇ ಸೆಕೆಂಡಿಗೆ 1.38 ಮೆಗಾಬೈಟ್. ನಿಮ್ಮ ಡ್ರೈವಿನ ಮೇಲೆ 16ಎಕ್ಸ್ ಎಂದು ಬರೆದಿದ್ದರೆ ಬೇಕಾದ್ದಕ್ಕಿಂತ ಹಲವು ಪಟ್ಟು ವೇಗ ಅದಕ್ಕಿದೆ. ಚಿತ್ರವನ್ನು ಬಿಡಿಸಿ ತೋರಿಸುವ ಕೆಲಸಕ್ಕೆ ಪೆಂಟಿಯಂ 4 ಕಾಲದ ಪ್ರೊಸೆಸರ್ ಕೂಡ ಸಾಕಾಗುತ್ತಿತ್ತು. ವಿಂಡೋಸ್ 7ರಲ್ಲಿ 2 ಜಿಬಿ ರ್‍ಯಾಮ್ ಇದ್ದರೆ ಅದರ ಚಿಂತೆ ಬಿಡಿ.

ಸಿನಿಮಾ ಪರದೆಗೆ ಬರುವ ಮುನ್ನ ಎರಡು ಕೆಲಸ ಆಗಬೇಕು. ಡ್ರೈವ್ ಡಿಸ್ಕಿನಿಂದ ಮಾಹಿತಿ ಓದಬೇಕು. ಆಮೇಲೆ ಪ್ಲೇಯರ್ ಆ ಮಾಹಿತಿಯನ್ನು ಬಿಡಿಸಿ ಚಿತ್ರ ಮಾಡಬೇಕು. ಯಾವುದು ತಡವರಿಸುತ್ತಿದೆ ಎಂದು ಗೊತ್ತಾಗದೆ ದುಡ್ಡು ಖರ್ಚು ಮಾಡಿದರೆ ಅರ್ಧ ಸಲ ಅದು ದಂಡ. ತಿಳಿಯುವುದು ಸುಲಭ. ಮದುವೆಯ ಡಿಸ್ಕುಗಳಿಗೆ ನಕಲು ತಡೆ ಇರುವುದಿಲ್ಲ. ಡಿಸ್ಕ್ ತೆರೆದರೆ ವಿಡಿಯೋ ಟಿಎಸ್ ಎಂಬ ಫೋಲ್ಡರ್ ಕಾಣುತ್ತದೆ. ಅದನ್ನು ಪೂರ್ತಿಯಾಗಿ ಡಿ ಡ್ರೈವಿಗೆ ನಕಲಿಸಿ. ಒಳಗೆ ವಿಒಬಿ ಎಂದು ಕೊನೆಯಾಗುವ, ಒಂದೊಂದೂ ಹೆಚ್ಚೆಂದರೆ 1 ಜಿಬಿ ಇರುವ ಕಡತಗಳಿರುತ್ತವೆ. ಡಿಸ್ಕನ್ನು ಹೊರಗೆ ತೆಗೆದು, ನಕಲಿಸಿದ ಫೋಲ್ಡರನ್ನು ಸಿನಿಮಾ ಓಡಿಸುವ ಪುಕ್ಕಟೆ ಪ್ಲೇಯರ್ ಆದ ವಿಎಲ್‌ಸಿಯಲ್ಲಿ ಓಡಿಸಿ.

ಹಾರ್ಡ್ ಡಿಸ್ಕಿನಿಂದ ಸಲೀಸಾಗಿ ಓಡಿದರೆ ತೊಂದರೆ ಓದುವುದರಲ್ಲಿದೆ: ಡಿಸ್ಕ್, ಡ್ರೈವ್, ಕೇಬಲ್, ಡ್ರೈವಿನ ಸೆಟ್ಟಿಂಗ್ ಈ ನಾಲ್ಕರಲ್ಲಿ ಒಂದು. ಅಲ್ಲಿಂದಲೂ ತಡವರಿಸಿದರೆ ಬಿಡಿಸುವ ಕಡೆ ನೋಡಬೇಕು: ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಕಳಿಸುವ ಚಿಪ್ಪನ್ನು ನಡೆಸುವ ಪ್ರೋಗ್ರಾಂ), ಪ್ಲೇಯರ್, ಬಿಸಿಯಾದ ಪ್ರೊಸೆಸರ್, ಹಿಂದೆ ಓಡುತ್ತಿರುವ ಬೇರೆ ಪ್ರೋಗ್ರಾಂ.

ನಕಲಾಗುವಾಗ ಗಡಿಯಾರದ ಮೇಲೂ ಒಂದು ಕಣ್ಣಿರಲಿ. ತುಂಬಿದ 4.7 ಜಿಬಿ ಡಿಸ್ಕನ್ನು ಒಳ್ಳೆಯ ಡ್ರೈವ್ ಎಂಟು-ಹನ್ನೆರಡು ನಿಮಿಷದಲ್ಲಿ ಮುಗಿಸುತ್ತದೆ. ಒಂದು ಕಡತದಲ್ಲಿ ಮಾತ್ರ ಸಿಕ್ಕಿಕೊಂಡು, ಡ್ರೈವ್ ಏರುವ ಇಳಿಯುವ ಸದ್ದು ಮಾಡುತ್ತಾ ಒದ್ದಾಡಿದರೆ ಡಿಸ್ಕಿನ ಆ ಜಾಗ ಹಾಳಾಗಿದೆ. ಮೊದಲಿಂದ ಕೊನೆಯವರೆಗೂ ಒಂದೇ ಸಮ ನಿಧಾನವಾಗಿ ಅರ್ಧ ಗಂಟೆ ದಾಟಿದರೆ ಡ್ರೈವಿನ ಸೆಟ್ಟಿಂಗಿನ ಮೇಲೆ ಅನುಮಾನ ಪಡಿ. ಅದರ ವಿವರ ಮುಂದಿನ ಉತ್ತರದಲ್ಲಿದೆ.

ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕುಗಳಿಗೆ ಸಾಮಾನ್ಯವಾಗಿ ಬೀಗ ಇರುತ್ತದೆ. ಅವನ್ನು ಹೀಗೆ ನಕಲಿಸಲು ಹೋದರೆ ಎರರ್ ಬರಬಹುದು, ಇಲ್ಲವೆ ನಕಲಾದದ್ದು ಚೌಕ ಚೌಕವಾಗಿ ಕಾಣಬಹುದು. ಅದನ್ನು ನೋಡಿ ಡ್ರೈವ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಪರೀಕ್ಷೆಗೆ ಮದುವೆ, ನಾಮಕರಣ, ಶಾಲಾ ವಾರ್ಷಿಕೋತ್ಸವದಂಥ ಡಿಸ್ಕನ್ನೇ ಬಳಸಿ.

ಪ್ರಶ್ನೆ: ಹಳೆಯ ಎಕ್ಸ್‌ಪಿ ಕಂಪ್ಯೂಟರನ್ನು ಡಿಸ್ಕ್ ನೋಡಲೆಂದೇ ಇಟ್ಟುಕೊಂಡಿದ್ದೇವೆ. ಮೊದಲು ಚೆನ್ನಾಗಿತ್ತು. ಈಗ ಯಾವ ಡಿವಿಡಿ ಹಾಕಿದರೂ ಚಿತ್ರ ಜರ್ಕ್ ಹೊಡೆಯುತ್ತದೆ, ಮೌಸ್ ಕೂಡ ಸರಿಯಾಗಿ ಓಡಾಡುವುದಿಲ್ಲ. ಡಿಸ್ಕ್ ತೆಗೆದ ತಕ್ಷಣ ಎಲ್ಲ ಸರಿಹೋಗುತ್ತದೆ.
– ಓದುಗರು, ಹಾವೇರಿ

ಉತ್ತರ: ಮೌಸ್ ಕೂಡ ಎಳೆದಾಡುತ್ತದೆ ಎಂದು ನೀವು ಬರೆದದ್ದು ತುಂಬ ಉಪಕಾರವಾಯಿತು. ಕಾರಣ ಬಹುಮಟ್ಟಿಗೆ ಅಲ್ಲೇ ತಿಳಿಯುತ್ತದೆ. ನಿಮ್ಮ ಡ್ರೈವ್ ಡಿಎಂಎ ಬಿಟ್ಟು ಪಿಐಒಗೆ ಇಳಿದಿದೆ.

ಡಿಎಂಎಯಲ್ಲಿ ಡ್ರೈವ್ ಓದಿದ ಮಾಹಿತಿ ಪ್ರೊಸೆಸರನ್ನು ಕಾಡದೆ ನೇರವಾಗಿ ರ್‍ಯಾಮಿಗೆ ಹೋಗುತ್ತದೆ. ಪಿಐಒದಲ್ಲಿ ಪ್ರತಿಯೊಂದು ತುಣುಕನ್ನೂ ಪ್ರೊಸೆಸರೇ ಎತ್ತಿ ಇಡಬೇಕು. ಪಿಐಒ ಮೋಡ್ 4ರ ವೇಗ ಕಾಗದದ ಮೇಲೆ ಸೆಕೆಂಡಿಗೆ 16.6 ಮೆಗಾಬೈಟ್, ಸಿನಿಮಾಕ್ಕೆ ಧಾರಾಳವಾಯಿತು. ಆದರೆ ಮಾಹಿತಿ ಹೊರುವುದರಲ್ಲೇ ಪ್ರೊಸೆಸರ್ ಸುಸ್ತಾದರೆ ಚಿತ್ರ ಬಿಡಿಸಲು ಸಮಯ ಎಲ್ಲಿ? ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ವ್ಯೂ ಮೆನುವಿನಿಂದ ಶೋ ಕರ್ನಲ್ ಟೈಮ್ಸ್ ಆರಿಸಿ. ಡಿಸ್ಕ್ ಓಡುವಾಗ ಕೆಂಪು ಗೆರೆ ಮೇಲೇರಿ ನಿಂತರೆ ಅನುಮಾನ ನಿಜ.

ಹೀಗಾಗುವುದು ಯಾಕೆಂದರೆ, ಒಂದು ಡ್ರೈವಿನಿಂದ ಓದುವಾಗ ಎಕ್ಸ್‌ಪಿಗೆ ಒಟ್ಟು ಆರು ಸಲ ಟೈಮ್‌ಔಟ್ (ಡ್ರೈವ್ ಹೊತ್ತಿಗೆ ಸರಿಯಾಗಿ ಉತ್ತರ ಕೊಡದಿರುವುದು) ಅಥವಾ ಸಿಆರ್‌ಸಿ ದೋಷ (ಮಾಹಿತಿ ದಾರಿಯಲ್ಲಿ ಕೆಟ್ಟು ಬರುವುದು) ಸಿಕ್ಕರೆ ಅದು ತಾನಾಗಿ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾ ಬಂದು ಕೊನೆಗೆ ಪಿಐಒದಲ್ಲಿ ನಿಲ್ಲುತ್ತದೆ. ಮತ್ತೆ ತಾನಾಗಿ ಮೇಲೇರುವುದಿಲ್ಲ. ಗೀರು ಬಿದ್ದ ನಾಲ್ಕಾರು ಡಿಸ್ಕ್ ಹಾಕಿದ್ದರೂ ಸಾಕು, ಆಮೇಲೆ ಹೊಚ್ಚ ಹೊಸ ಡಿಸ್ಕ್ ಕೂಡ ತಡವರಿಸುತ್ತದೆ.

ಸರಿಪಡಿಸುವ ಕ್ರಮ ಹೀಗೆ. ಮೈ ಕಂಪ್ಯೂಟರ್ ಮೇಲೆ ಬಲ ಗುಂಡಿ ಒತ್ತಿ, ಪ್ರಾಪರ್ಟೀಸ್, ಹಾರ್ಡ್‌ವೇರ್, ಡಿವೈಸ್ ಮ್ಯಾನೇಜರ್ ತೆರೆಯಿರಿ. ಐಡಿಇ ಎಟಿಎ/ಎಟಿಎಪಿಐ ಕಂಟ್ರೋಲರ್ಸ್ ಅಡಿಯಲ್ಲಿ ಸೆಕೆಂಡರಿ ಐಡಿಇ ಚಾನೆಲ್ ಮೇಲೆ ಎರಡು ಸಲ ಒತ್ತಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ನೋಡಿ. ಟ್ರಾನ್ಸ್‌ಫರ್ ಮೋಡ್ ಎಂಬಲ್ಲಿ ಡಿಎಂಎ ಇಫ್ ಅವೈಲಬಲ್ ಎಂದಿರಬೇಕು. ಅದರ ಕೆಳಗೆ ಕರೆಂಟ್ ಟ್ರಾನ್ಸ್‌ಫರ್ ಮೋಡ್ ಎಂಬಲ್ಲಿ ಅಲ್ಟ್ರಾ ಡಿಎಂಎ ಮೋಡ್ 2 ಅಥವಾ 4 ಕಾಣಬೇಕು. ಪಿಐಒ ಮೋಡ್ ಎಂದು ಕಂಡರೆ ಡ್ರೈವರ್ ಪುಟಕ್ಕೆ ಹೋಗಿ ಆ ಚಾನೆಲನ್ನು ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ವಿಂಡೋಸ್ ಅದನ್ನು ತಾನೇ ಮತ್ತೆ ಹುಡುಕಿ ಹಾಕಿಕೊಳ್ಳುತ್ತದೆ, ಹಳೆಯ ದೋಷಗಳ ಲೆಕ್ಕ ಅಳಿಸಿಹೋಗುತ್ತದೆ. ಕೆಲವೊಮ್ಮೆ ಇನ್ನೊಂದು ರೀಸ್ಟಾರ್ಟ್ ಕೇಳುತ್ತದೆ, ಕೊಡಿ. ಹಾರ್ಡ್ ಡಿಸ್ಕ್ ಇರುವ ಪ್ರೈಮರಿ ಚಾನೆಲನ್ನು ಸುಮ್ಮನೆ ಮುಟ್ಟಬೇಡಿ.

ಎರಡು ದಿನದಲ್ಲಿ ಮತ್ತೆ ಪಿಐಒಗೆ ಇಳಿದರೆ ಕೇಬಲ್ ನೋಡಬೇಕು. ಸ್ವಿಚ್ ಆರಿಸಿ, ವಯರ್ ಕಿತ್ತು ಕ್ಯಾಬಿನೆಟ್ ಬಿಚ್ಚಿ. ಅಗಲವಾದ ಪಟ್ಟಿ ಕೇಬಲಿನಲ್ಲಿ ಎಳೆಗಳು ದಪ್ಪಗಿದ್ದರೆ ಅದು 40 ತಂತಿಯದು, ಕೂದಲಿನಂತೆ ಸಣ್ಣಗಿದ್ದರೆ 80 ತಂತಿಯದು. ಮೋಡ್ 2ಕ್ಕೆ 40 ತಂತಿ ನಡೆಯುತ್ತದೆ, ಮೋಡ್ 4ಕ್ಕೆ 80 ಬೇಕೇ ಬೇಕು. ಎಲ್ಲಕ್ಕೂ 80ರದನ್ನೇ ಹಾಕುವುದು ಒಳ್ಳೆಯದು. ಅದರ ನೀಲಿ ತುದಿ ಮದರ್‌ಬೋರ್ಡಿಗೆ, ಇನ್ನೊಂದು ಕೊನೆಯ ಕಪ್ಪು ತುದಿ ಮಾಸ್ಟರ್ ಡ್ರೈವಿಗೆ, ನಡುವಿನ ಬೂದು ತುದಿ ಸ್ಲೇವ್ ಡ್ರೈವಿಗೆ. ಉದ್ದ 18 ಇಂಚು ಮೀರಬಾರದು. ಒಂದೇ ಡ್ರೈವ್ ಇದ್ದರೆ ಕೊನೆಯ ಕಪ್ಪು ತುದಿಗೇ ಸೇರಿಸಿ. ನಡುವಿನದಕ್ಕೆ ಸೇರಿಸಿ ಕೊನೆಯನ್ನು ಖಾಲಿ ಬಿಟ್ಟರೆ ಸಿಗ್ನಲ್ ಖಾಲಿ ತುದಿಯಿಂದ ಪುಟಿದು ಬಂದು ಮತ್ತೆ ಅದೇ ಸಿಆರ್‌ಸಿ ದೋಷ ಹುಟ್ಟಿಸುತ್ತದೆ. ಹಾರ್ಡ್ ಡಿಸ್ಕ್ ಮತ್ತು ಡಿವಿಡಿ ಡ್ರೈವ್ ಒಂದೇ ಕೇಬಲಿನಲ್ಲಿದ್ದರೆ ಬೇರೆ ಬೇರೆ ಮಾಡಿ.

ಇನ್ನೊಂದು ಮಾತು. ಎಕ್ಸ್‌ಪಿಗೆ ಭದ್ರತೆಯ ಅಪ್‌ಡೇಟ್ 2014ರಲ್ಲೇ ನಿಂತಿದೆ. ಡಿಸ್ಕ್ ನೋಡಲೆಂದೇ ಇಟ್ಟುಕೊಂಡಿದ್ದರೆ ಇಂಟರ್ನೆಟ್ ವಯರ್ ಕಿತ್ತಿಡಿ. ಹಿಂದೆ ಓಡುವ ಅಪ್‌ಡೇಟ್ ಕೆಲಸಗಳೂ ತಪ್ಪುತ್ತವೆ.

ಪ್ರಶ್ನೆ: ಸಿನಿಮಾ ಶುರುವಿನಲ್ಲಿ ಚೆನ್ನಾಗಿ ಓಡಿ, ಆಮೇಲೆ ಚೌಕ ಚೌಕವಾಗಿ ಒಡೆದು ನಿಲ್ಲುತ್ತದೆ. ಕೆಲವು ಡಿಸ್ಕಿನಲ್ಲಿ ಕೊನೆಯಲ್ಲಿ, ಕೆಲವದರಲ್ಲಿ ಇಂಟರ್‌ವಲ್ ಹೊತ್ತಿಗೆ. ಮಳೆಗಾಲ ಕಳೆದ ಮೇಲೆ ಹೆಚ್ಚಾಗಿದೆ. ಒರೆಸುವುದು ಹೇಗೆ?
– ಓದುಗರು, ತೀರ್ಥಹಳ್ಳಿ

ಉತ್ತರ: ಎಲ್ಲಿ ನಿಲ್ಲುತ್ತದೆ ಎಂಬುದರಿಂದಲೇ ಕೊಳೆ ಎಲ್ಲಿದೆ ಎಂದು ಹೇಳಬಹುದು. ಡಿವಿಡಿಯನ್ನು ಡ್ರೈವ್ ಒಳಗಿನಿಂದ ಹೊರಗೆ ಓದುತ್ತಾ ಹೋಗುತ್ತದೆ. ಒಂದೇ ಪದರದ 4.7 ಜಿಬಿ ಡಿಸ್ಕ್ ತುಂಬಿದ್ದರೆ ಸಿನಿಮಾದ ಕೊನೆ ಇರುವುದು ಹೊರ ಅಂಚಿನಲ್ಲಿ. ನಾವು ಕೈಯಲ್ಲಿ ಹಿಡಿಯುವುದೂ ಅಲ್ಲೇ, ಬೆರಳಚ್ಚು ಬೀಳುವುದೂ ಅಲ್ಲೇ. ಎರಡು ಪದರದ 8.5 ಜಿಬಿ ಸಿನಿಮಾ ಡಿಸ್ಕಿನಲ್ಲಿ ಮೊದಲ ಪದರ ಒಳಗಿನಿಂದ ಹೊರಗೆ, ಎರಡನೆಯದು ಹೊರಗಿನಿಂದ ಒಳಗೆ. ಅಂದರೆ ಹೊರ ಅಂಚಿಗೆ ಸಿಗುವುದು ಸಿನಿಮಾದ ನಡುಭಾಗ. ನಿಮ್ಮ ಎರಡೂ ಬಗೆಯ ಡಿಸ್ಕುಗಳಿಗೆ ಕಾಯಿಲೆ ಒಂದೇ, ಅಂಚಿನ ಕೊಳೆ.

ಮೊದಲು ಬಾಯಿಂದ ಊದದೆ, ಸಣ್ಣ ಗಾಳಿ ಬಲ್ಬಿನಿಂದ ಧೂಳು ಹಾರಿಸಿ. ಮೆತ್ತಗಿನ, ಒಗೆದು ಒಗೆದು ಹದವಾದ ಹತ್ತಿ ಬಟ್ಟೆ ಅಥವಾ ಕನ್ನಡಕ ಒರೆಸುವ ಬಟ್ಟೆಯಿಂದ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಎಳೆಯಿರಿ. ದುಂಡಗೆ ತಿರುಗಿಸಿ ಒರೆಸಬಾರದು. ಮಾಹಿತಿ ಇರುವುದು ಸುರುಳಿಯಾದ ದಾರಿಯಲ್ಲಿ. ಒರೆಸುವಾಗ ದುಂಡಗೆ ಗೀರು ಬಿದ್ದರೆ ಒಂದೇ ದಾರಿಯ ಉದ್ದಕ್ಕೂ ಮಾಹಿತಿ ಹಾಳಾಗುತ್ತದೆ, ಅಷ್ಟನ್ನು ತಿದ್ದಿಕೊಳ್ಳಲು ಡ್ರೈವಿಗೆ ಆಗುವುದಿಲ್ಲ. ಅಡ್ಡ ಗೀರಾದರೆ ಪ್ರತಿ ಸುತ್ತಿನಲ್ಲೂ ಚೂರೇ ಚೂರು ಹೋಗುತ್ತದೆ, ಅದನ್ನು ಡಿಸ್ಕಿನಲ್ಲೇ ಇರುವ ದೋಷ ತಿದ್ದುವ ಮಾಹಿತಿಯಿಂದ ಡ್ರೈವ್ ತುಂಬಿಕೊಳ್ಳುತ್ತದೆ.

ಎಣ್ಣೆ ಜಿಡ್ಡಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿಯನ್ನು ಒಂದು ಲೋಟ ನೀರಿಗೆ ಬೆರೆಸಿ ತೊಳೆದು, ಬರಿ ನೀರು ಹಾಯಿಸಿ, ಒತ್ತಿ ಒಣಗಿಸಿ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಕೂಡ ಆದೀತು. ಪೆಟ್ರೋಲ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಮುಟ್ಟಿಸಲೇಬೇಡಿ. ಡಿಸ್ಕಿನ ಪ್ಲಾಸ್ಟಿಕ್ ಮಂಜಾಗಿಬಿಡುತ್ತದೆ, ಆಮೇಲೆ ಏನೂ ಮಾಡುವಂತಿಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಡಿಸ್ಕಿನ ಮೇಲೆ ಬೂಷ್ಟು ಕೂರುತ್ತದೆ. ಮೇಲ್ಮೈಯ ಬೂಷ್ಟು ಹೀಗೆ ತೊಳೆದರೆ ಹೋಗುತ್ತದೆ. ಬೆಳಕಿಗೆ ಹಿಡಿದಾಗ ಅಂಚಿನಿಂದ ಒಳಗೆ ಕಲೆ ಹಬ್ಬಿದಂತೆ, ಸೂಜಿಯ ತೂತಿನಂತೆ ಕಂಡರೆ ಒಳಗಿನ ಲೋಹದ ಪದರವೇ ಹೋಗಿದೆ. ಅಂಥದ್ದನ್ನು ಮತ್ತೆ ಮತ್ತೆ ಓಡಿಸದೆ, ಓದಲು ಸಿಕ್ಕಷ್ಟನ್ನು ಇಂದೇ ನಕಲಿಸಿಡಿ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಡಿಸ್ಕುಗಳನ್ನು ಪುಸ್ತಕದಂತೆ ನಿಲ್ಲಿಸಿಡಿ.

ಮದುವೆ ಡಿಸ್ಕುಗಳ ವಿಷಯದಲ್ಲಿ ಇನ್ನೆರಡು ಸಂಗತಿ. ವಧೂವರರ ಫೋಟೋ ಸ್ಟಿಕ್ಕರನ್ನು ಡಿಸ್ಕಿನ ಬೆನ್ನಿಗೆ ಅಂಟಿಸಿರುತ್ತಾರಲ್ಲ, ತೇವಕ್ಕೆ ಅದು ಒಂದು ಕಡೆ ಎದ್ದು ತೂಕ ಏರುಪೇರಾಗಿ ಡಿಸ್ಕ್ ನಡುಗುತ್ತದೆ. ಡ್ರೈವಿನಿಂದ ಗುಂಯ್ ಎಂಬ ಜೋರು ಸದ್ದು ಬರುವುದು ಆಗಲೇ. ಸ್ಟಿಕ್ಕರ್ ಕೀಳಲು ಹೋಗಬೇಡಿ, ಅದರ ಜೊತೆ ಪದರವೂ ಎದ್ದು ಬರಬಹುದು. ಎದ್ದ ತುದಿಯನ್ನು ಒತ್ತಿ ಕೂರಿಸಿ ಒಮ್ಮೆ ನಕಲು ಮಾಡಿಕೊಳ್ಳಿ. ಎರಡನೆಯದು, ಸ್ಟುಡಿಯೋದವರಿಗೆ ಹೊಸ ಪ್ರತಿ ಮಾಡಿಕೊಡಲು ಹೇಳುವಾಗ 16ಎಕ್ಸ್ ಬೇಡ, 4 ಅಥವಾ 8ಎಕ್ಸ್ ವೇಗದಲ್ಲಿ ಬರೆಯಿರಿ, ಸ್ಟಿಕ್ಕರ್ ಬೇಡ ಎಂದು ಹೇಳಿ. ಬರೆಯಬಲ್ಲ ಡಿಸ್ಕುಗಳಲ್ಲಿ ಮಾಹಿತಿ ಇರುವುದು ಬಣ್ಣದ ಪದರದಲ್ಲಿ. ಬಿಸಿಲು ಬೀಳುವ ಷೋಕೇಸಿನಲ್ಲಿ ಇಟ್ಟರೆ ಆ ಬಣ್ಣ ಮಾಸುತ್ತದೆ.

ಪ್ರಶ್ನೆ: ಹಾಡಿನ ಸಿಡಿಗಳೆಲ್ಲ ಚೆನ್ನಾಗಿ ಓಡುತ್ತವೆ, ಡಿವಿಡಿ ಮಾತ್ರ ತಡವರಿಸುತ್ತದೆ. ಸಿಡಿ ಓದುವ ಡ್ರೈವ್ ಕೆಟ್ಟಿರಲು ಸಾಧ್ಯವೇ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಸಾಧ್ಯ. ಸಿಡಿಗೆ 780 ನ್ಯಾನೊಮೀಟರಿನ ಲೇಸರ್, ಡಿವಿಡಿಗೆ 650ರದು. ಒಂದು ಕ್ಷೀಣಿಸಿ ಇನ್ನೊಂದು ಚೆನ್ನಾಗಿರುವುದು ಸಾಮಾನ್ಯ. ಮೊದಲು ಲೆನ್ಸ್ ಒರೆಸಿ ನೋಡಿ. ಲ್ಯಾಪ್‌ಟಾಪಿನ ಡ್ರೈವಾದರೆ ತಟ್ಟೆ ಹೊರಗೆಳೆದಾಗ ಲೆನ್ಸ್ ಕಣ್ಣೆದುರೇ ಇರುತ್ತದೆ. ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸೋಕಿಸಿ, ಹನಿ ಬೀಳದಂತೆ ಹಿಂಡಿ, ಒತ್ತದೆ ಒಮ್ಮೆ ಸವರಿ. ಲೆನ್ಸ್ ಕೂತಿರುವುದು ತೆಳು ತಂತಿಗಳ ಮೇಲೆ, ಒತ್ತಿದರೆ ವಾಲುತ್ತದೆ. ಡೆಸ್ಕ್‌ಟಾಪ್ ಡ್ರೈವಿಗೆ ಸಣ್ಣ ಬ್ರಷ್ ಇರುವ ಕ್ಲೀನರ್ ಡಿಸ್ಕ್ ಸಾಕು. ಇಷ್ಟಾದ ಮೇಲೂ ಬೇರೆ ಯಂತ್ರದಲ್ಲಿ ಓಡುವ ಡಿವಿಡಿ ಇಲ್ಲಿ ಓಡದಿದ್ದರೆ ಡ್ರೈವ್ ಬದಲಿಸಿ. ಲೇಸರಿನ ಶಕ್ತಿ ಹೆಚ್ಚಿಸಿಕೊಡುತ್ತೇವೆ ಎನ್ನುವವರ ಮಾತಿಗೆ ಹೋಗಬೇಡಿ. ಸ್ವಲ್ಪ ದಿನ ಓದಿ ಪೂರ್ತಿ ಸುಟ್ಟುಹೋಗುತ್ತದೆ.

ಪ್ರಶ್ನೆ: ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಡಿವಿಡಿ ಸಣ್ಣ ಕಿಟಕಿಯಲ್ಲಿ ಪರವಾಗಿಲ್ಲ, ಪೂರ್ಣ ಪರದೆ ಮಾಡಿದರೆ ಎಳೆದಾಡುತ್ತದೆ. ಹಾರ್ಡ್ ಡಿಸ್ಕಿನಿಂದ ಓಡಿಸಿದರೂ ಹಾಗೇ.
– ಓದುಗರು, ದಾವಣಗೆರೆ

ಉತ್ತರ: ಗ್ರಾಫಿಕ್ಸ್ ಡ್ರೈವರ್ ಹಾಕಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ತೆರೆದು ನೋಡಿ. ಸ್ಟ್ಯಾಂಡರ್ಡ್ ವಿಜಿಎ ಅಥವಾ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಎಂದಿದ್ದರೆ ಪರದೆಯ ಪ್ರತಿ ಚುಕ್ಕಿಯನ್ನೂ ಪ್ರೊಸೆಸರೇ ತುಂಬುತ್ತಿದೆ. 720 ಚುಕ್ಕಿ ಅಗಲದ ಡಿವಿಡಿ ಚಿತ್ರವನ್ನು 1920ಕ್ಕೆ ಹಿಗ್ಗಿಸುವ ಕೆಲಸ ಗ್ರಾಫಿಕ್ಸ್ ಚಿಪ್ಪಿಗೆ ಏನೂ ಅಲ್ಲ, ಪ್ರೊಸೆಸರಿಗೆ ಭಾರ. ಮದರ್‌ಬೋರ್ಡ್ ತಯಾರಕರ ತಾಣದಿಂದ ನಿಮ್ಮ ಮಾಡೆಲ್ಲಿನದೇ ಚಿಪ್‌ಸೆಟ್ ಡ್ರೈವರ್ ಮೊದಲು, ಗ್ರಾಫಿಕ್ಸ್ ಡ್ರೈವರ್ ಆಮೇಲೆ ಹಾಕಿ, ರೀಸ್ಟಾರ್ಟ್ ಮಾಡಿ. ಎಲ್ಲ ಡ್ರೈವರನ್ನೂ ಒಂದೇ ಏಟಿಗೆ ಹಾಕಿಕೊಡುವ ಪುಕ್ಕಟೆ ಪ್ರೋಗ್ರಾಂಗಳಿಂದ ದೂರವಿರಿ, ಜೊತೆಗೆ ಜಾಹೀರಾತಿನ ಕಸವೂ ಬರುತ್ತದೆ.

ಡ್ರೈವರ್ ಸರಿಯಿದ್ದೂ ಎಳೆದಾಡಿದರೆ ವಿಎಲ್‌ಸಿಯಲ್ಲಿ ಟೂಲ್ಸ್, ಪ್ರಿಫರೆನ್ಸಸ್, ಇನ್‌ಪುಟ್/ಕೋಡೆಕ್ಸ್ ಪುಟದ ಹಾರ್ಡ್‌ವೇರ್ ಆಕ್ಸೆಲರೇಟೆಡ್ ಡಿಕೋಡಿಂಗನ್ನು ಡಿಸೇಬಲ್ ಮಾಡಿ ಒಮ್ಮೆ, ಆಟೊಮ್ಯಾಟಿಕ್ ಇಟ್ಟು ಒಮ್ಮೆ ನೋಡಿ. ಹಳೆಯ ಚಿಪ್ಪುಗಳಲ್ಲಿ ಕೆಲವೊಮ್ಮೆ ಆಫ್ ಮಾಡಿದಾಗಲೇ ಸಲೀಸು. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯದು.

ಅಂದಹಾಗೆ, ವಿಂಡೋಸ್ 8ರಿಂದ ಈಚೆಗೆ ಡಿವಿಡಿ ಓಡಿಸುವ ಡಿಕೋಡರ್ ವಿಂಡೋಸಿನ ಜೊತೆ ಬರುವುದಿಲ್ಲ. ವಿಎಲ್‌ಸಿಯಲ್ಲಿ ಅದು ಒಳಗೇ ಇದೆ. ಬೇರೆ ಕೋಡೆಕ್ ಪ್ಯಾಕ್‌ಗಳನ್ನು ಒಂದರ ಮೇಲೊಂದು ಹಾಕಿದ್ದರೆ ಎಲ್ಲವನ್ನೂ ತೆಗೆಯಿರಿ, ಅವು ಒಂದಕ್ಕೊಂದು ಅಡ್ಡ ಬರುತ್ತವೆ.

ಪ್ರಶ್ನೆ: ಲ್ಯಾಪ್‌ಟಾಪಿಗೆ ಯುಎಸ್‌ಬಿ ಡಿವಿಡಿ ಡ್ರೈವ್ ತಂದೆ. ಡಿಸ್ಕ್ ತಿರುಗಲು ಶುರುವಾಗಿ ಟಕ್ ಟಕ್ ಎಂದು ನಿಲ್ಲುತ್ತದೆ. ಓಡಿದರೂ ನಡುನಡುವೆ ಹೆಪ್ಪುಗಟ್ಟುತ್ತದೆ.
– ಓದುಗರು, ಬೆಂಗಳೂರು

ಉತ್ತರ: ಕರೆಂಟ್ ಸಾಲುತ್ತಿಲ್ಲ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿ ಆಂಪಿಯರ್, 3.0 ಪೋರ್ಟ್ 900. ಡಿಸ್ಕನ್ನು ತಿರುಗಿಸಲು ಶುರುಮಾಡುವ ಕ್ಷಣದಲ್ಲಿ ಡ್ರೈವ್ 500ಕ್ಕಿಂತ ಹೆಚ್ಚು ಎಳೆಯಬಹುದು. ಹಬ್ ಇದ್ದರೆ ತೆಗೆದು ನೇರವಾಗಿ ಲ್ಯಾಪ್‌ಟಾಪಿಗೇ ಸೇರಿಸಿ, ಒಳಗೆ ನೀಲಿ ಬಣ್ಣ ಇರುವ ಪೋರ್ಟ್ ಆರಿಸಿ. ಡ್ರೈವಿನ ಜೊತೆ ಬಂದ ಗಿಡ್ಡ ಕೇಬಲ್ಲೇ ಬಳಸಿ, ಉದ್ದನೆಯ ತೆಳು ಕೇಬಲಿನಲ್ಲಿ ವೋಲ್ಟೇಜ್ ಇಳಿಯುತ್ತದೆ. ಎರಡು ಯುಎಸ್‌ಬಿ ತಲೆ ಇರುವ ಕೇಬಲಾದರೆ ಎರಡನ್ನೂ ಚುಚ್ಚಿ. ಡೆಸ್ಕ್‌ಟಾಪ್ ಇರುವವರು ಮುಂದಿನ ಪೋರ್ಟ್ ಬಿಟ್ಟು ಹಿಂದಿನದು ಬಳಸಿ.

ಅಷ್ಟಕ್ಕೂ ನಿಲ್ಲದಿದ್ದರೆ ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ. ಮಿಕ್ಕ ಸಣ್ಣ ತಡವರಿಕೆಗೆ ವಿಎಲ್‌ಸಿಯಲ್ಲಿ ಪ್ರಿಫರೆನ್ಸಸ್ ಕೆಳಗೆ ಆಲ್ ಎಂದು ಆರಿಸಿ, ಇನ್‌ಪುಟ್/ಕೋಡೆಕ್ಸ್ ಪುಟದಲ್ಲಿ ಡಿಸ್ಕ್ ಕ್ಯಾಶಿಂಗ್ 300 ಇರುವುದನ್ನು 1500 ಮಾಡಿ. ಇದು ಮಿಲಿ ಸೆಕೆಂಡ್ ಲೆಕ್ಕ. ಒಂದೂವರೆ ಸೆಕೆಂಡಿನಷ್ಟು ಮುಂಗಡ ಮಾಹಿತಿ ಕೈಯಲ್ಲಿರುವುದರಿಂದ ಡ್ರೈವ್ ಒಂದು ಕ್ಷಣ ತಡವರಿಸಿದರೂ ಚಿತ್ರ ನಿಲ್ಲುವುದಿಲ್ಲ. 3000 ದಾಟಿಸಬೇಡಿ, ಮೆನು ಒತ್ತಿದಾಗ ಕಾಯಬೇಕಾಗುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ಮಧ್ಯಾಹ್ನ ಸಿನಿಮಾ ಹಾಕಿದರೆ ಅರ್ಧ ಗಂಟೆ ಸರಿ, ಆಮೇಲೆ ಚಿತ್ರವೂ ಧ್ವನಿಯೂ ಜೋಲಿ ಹೊಡೆಯುತ್ತವೆ. ಕರೆಂಟ್ ಹೋಗಿ ಬ್ಯಾಟರಿಯಲ್ಲಿ ಓಡಿಸಿದರಂತೂ ಮೊದಲಿಂದಲೇ ಹಾಗೆ.
– ಓದುಗರು, ಕಲಬುರಗಿ

ಉತ್ತರ: ಎರಡಕ್ಕೂ ಪ್ರೊಸೆಸರ್ ವೇಗ ತಗ್ಗಿಸಿಕೊಳ್ಳುವುದೇ ಕಾರಣ, ಒಂದು ಕಡೆ ಬಿಸಿಗೆ, ಇನ್ನೊಂದು ಕಡೆ ಬ್ಯಾಟರಿ ಉಳಿಸಲು. ಪವರ್ ಆಪ್ಷನ್ಸ್‌ನಲ್ಲಿ ಪವರ್ ಸೇವರ್ ಬಿಟ್ಟು ಬ್ಯಾಲೆನ್ಸ್ಡ್ ಆರಿಸಿದರೆ ಬ್ಯಾಟರಿಯ ತೊಂದರೆ ಮುಗಿಯುತ್ತದೆ.

ಬಿಸಿಗೆ ಧೂಳು ಮುಖ್ಯ ಕಾರಣ. ಲ್ಯಾಪ್‌ಟಾಪನ್ನು ಹಾಸಿಗೆ, ದಿಂಬಿನ ಮೇಲೆ ಇಡಬೇಡಿ. ಫ್ಯಾನಿನ ಗಾಳಿ ಹೊರಬರುವ ಕಿಂಡಿಯಲ್ಲಿ ಧೂಳು ಕಂಬಳಿಯಂತೆ ಕಟ್ಟಿರುತ್ತದೆ. ತಳ ಬಿಚ್ಚಿ, ಫ್ಯಾನ್ ರೆಕ್ಕೆಯನ್ನು ಬೆರಳಿಂದ ಹಿಡಿದು ನಿಲ್ಲಿಸಿಕೊಂಡು ಬ್ಲೋವರಿನಿಂದ ಊದಿಸಿ. ಹಿಡಿಯದೆ ಊದಿದರೆ ಫ್ಯಾನ್ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ನಾಲ್ಕೈದು ವರ್ಷ ಹಳೆಯದಾದರೆ ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಹಳೆಯದನ್ನು ಆಲ್ಕೋಹಾಲಿನಿಂದ ಒರೆಸಿ, ಅಕ್ಕಿಕಾಳಿನಷ್ಟು ಹೊಸ ಪೇಸ್ಟ್ ನಡುವೆ ಇಟ್ಟು ಒತ್ತಿ ಕೂರಿಸಿದರೆ ಸಾಕು. ಹೆಚ್ಚು ಬಳಿದರೆ ಹೆಚ್ಚು ತಂಪು ಎಂದೇನಿಲ್ಲ.

ಪ್ರಶ್ನೆ: ಚಿತ್ರ ನಿಲ್ಲುವುದಿಲ್ಲ, ಆದರೆ ಯಾರಾದರೂ ಓಡಾಡಿದರೆ ಅವರ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ. ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗ ಸಣ್ಣ ಸಣ್ಣ ಜರ್ಕ್. ಡ್ರೈವ್ ಬದಲಿಸಿಯಾಯಿತು, ಹೋಗಲಿಲ್ಲ.
– ಓದುಗರು, ಮೈಸೂರು

ಉತ್ತರ: ಡ್ರೈವಿನದು ಇದರಲ್ಲಿ ಯಾವ ತಪ್ಪೂ ಇರಲಿಲ್ಲ. ನೀವು ಹೇಳುತ್ತಿರುವುದು ಎರಡು ಬೇರೆ ವಿಷಯ.

ಗೆರೆಗೆ ಕಾರಣ ಇಂಟರ್‌ಲೇಸಿಂಗ್. ನಮ್ಮ ಹಳೆಯ ಟಿವಿಗಳ ಪಾಲ್ ಪದ್ಧತಿಯ ವಿಡಿಯೋ ಕ್ಯಾಮೆರಾ ಸೆಕೆಂಡಿಗೆ 50 ಅರೆಚಿತ್ರ ತೆಗೆಯುತ್ತದೆ: ಒಂದರಲ್ಲಿ ಬೆಸ ಸಾಲು, ಮತ್ತೊಂದರಲ್ಲಿ ಸಮ ಸಾಲು. ಹಳೆಯ ದಪ್ಪ ಟಿವಿಗಳು ಅವನ್ನು ಒಂದಾದ ಮೇಲೊಂದು ತೋರಿಸುತ್ತಿದ್ದವು, ಕಣ್ಣಿಗೆ ಸಲೀಸಾಗಿರುತ್ತಿತ್ತು. ಕಂಪ್ಯೂಟರ್ ಪರದೆ ಎರಡನ್ನೂ ಕೂಡಿಸಿ ಒಟ್ಟಿಗೆ ತೋರಿಸಿದಾಗ ಚಲಿಸುವ ವಸ್ತು ಎರಡು ಜಾಗದಲ್ಲಿ ಕಾಣುತ್ತದೆ. ವಿಎಲ್‌ಸಿಯ ವಿಡಿಯೋ ಮೆನುವಿನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ, ಡಿಇಂಟರ್‌ಲೇಸ್ ಮೋಡ್‌ನಲ್ಲಿ ಯಾಡಿಫ್ 2ಎಕ್ಸ್ ಆರಿಸಿ. 50 ಅರೆಚಿತ್ರಕ್ಕೆ 50 ಪೂರ್ಣ ಚಿತ್ರ ಕಟ್ಟಿಕೊಡುತ್ತದೆ, ನಡಿಗೆ ನೀರಿನಂತೆ ಹರಿಯುತ್ತದೆ. ಯಂತ್ರ ನಿಧಾನವಾದರೆ ಬರಿ ಯಾಡಿಫ್ ಅಥವಾ ಬಾಬ್ ಸಾಕು.

ಜರ್ಕಿಗೆ ಕಾರಣ ಗಣಿತ. ಪಾಲ್ ಡಿಸ್ಕಿನಲ್ಲಿ ಸೆಕೆಂಡಿಗೆ 25 ಚಿತ್ರ, ನಿಮ್ಮ ಮಾನಿಟರ್ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. 25ರಿಂದ 60 ಸರಿಯಾಗಿ ಭಾಗವಾಗುವುದಿಲ್ಲ. ಒಂದು ಚಿತ್ರ ಎರಡು ಸಲ, ಮತ್ತೊಂದು ಮೂರು ಸಲ ನಿಲ್ಲಬೇಕಾಗುತ್ತದೆ. ಆ ಏರುಪೇರು ಕ್ಯಾಮೆರಾ ಪಕ್ಕಕ್ಕೆ ಸರಿದಾಗಲೇ ಕಣ್ಣಿಗೆ ಹೊಡೆಯುವುದು. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ರಿಫ್ರೆಶ್ ರೇಟ್ 50 ಅಥವಾ 75 ಹರ್ಟ್ಸ್ ಸಿಕ್ಕರೆ ಅದನ್ನು ಆರಿಸಿ. ಎಚ್‌ಡಿಎಂಐ ಕೇಬಲಿನಿಂದ ಟಿವಿಗೆ ಸೇರಿಸಿದ್ದರೆ 50 ಸಿಗುವ ಸಂಭವ ಹೆಚ್ಚು.

ಪ್ರಶ್ನೆ: ಸಿನಿಮಾದ ನಡುವೆ ಒಂದೇ ಒಂದು ಸಲ, ಯಾವಾಗಲೂ ಅದೇ ದೃಶ್ಯದಲ್ಲಿ ಅರೆಕ್ಷಣ ನಿಂತು ಮುಂದೆ ಹೋಗುತ್ತದೆ.
– ಓದುಗರು, ಉಡುಪಿ

ಉತ್ತರ: ಎರಡು ಪದರದ ಡಿಸ್ಕ್. ಲೇಸರ್ ಮೊದಲ ಪದರ ಮುಗಿಸಿ ಎರಡನೆಯದಕ್ಕೆ ಕಣ್ಣು ಹೊಂದಿಸಿಕೊಳ್ಳುವ ಹೊತ್ತು ಅದು. ದೋಷವಲ್ಲ. ಡಿಸ್ಕ್ ಕ್ಯಾಶಿಂಗ್ ಹೆಚ್ಚಿಸಿದರೆ ಅದೂ ಕಾಣದಂತಾಗಬಹುದು.

ಪ್ರಶ್ನೆ: ಮಗ ಅಮೆರಿಕದಿಂದ ತಂದ ಡಿವಿಡಿ ಇಲ್ಲಿ ಓಡುವುದೇ ಇಲ್ಲ. ಡ್ರೈವ್ ರೀಜನ್ ಬದಲಿಸಲೇ ಎಂದು ಕೇಳುತ್ತದೆ. ಹೌದು ಎನ್ನಲೇ?
– ಓದುಗರು, ಹುಬ್ಬಳ್ಳಿ

ಉತ್ತರ: ಅವಸರ ಬೇಡ. ರೀಜನ್ ಎಂದರೆ ಡಿಸ್ಕ್ ಯಾವ ದೇಶಗಳಲ್ಲಿ ಓಡಬೇಕು ಎಂದು ಸೂಚಿಸುವ ಸಂಖ್ಯೆ. ಅಮೆರಿಕದ ಡಿಸ್ಕ್ ರೀಜನ್ 1, ಭಾರತದ್ದು 5. ಡ್ರೈವಿನ ರೀಜನನ್ನು ಐದು ಸಲ ಮಾತ್ರ ಬದಲಿಸಬಹುದು, ಐದನೆಯದು ಮುಗಿದರೆ ಅಲ್ಲಿಗೇ ಬೀಗ ಬೀಳುತ್ತದೆ. ವಿಂಡೋಸ್ ಮತ್ತೆ ಹಾಕಿದರೂ ಬಿಡಿಸಿಕೊಳ್ಳುವುದಿಲ್ಲ, ಲೆಕ್ಕ ಇರುವುದು ಡ್ರೈವಿನೊಳಗೇ. ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವಿನ ಪ್ರಾಪರ್ಟೀಸ್, ಡಿವಿಡಿ ರೀಜನ್ ಪುಟದಲ್ಲಿ ಎಷ್ಟು ಸಲ ಉಳಿದಿದೆ ಎಂದು ಕಾಣುತ್ತದೆ. ಅಮೆರಿಕದ ಡಿಸ್ಕ್ ಬಹಳ ಇದ್ದರೆ ಅವಕ್ಕೆಂದೇ ಒಂದು ಯುಎಸ್‌ಬಿ ಡ್ರೈವ್ ಇಟ್ಟು ರೀಜನ್ 1 ಮಾಡಿಬಿಡಿ.

ಪ್ರಶ್ನೆ: ಬ್ಲೂ-ರೇ ಡ್ರೈವ್ ಕೊಂಡೆ. ಡಿವಿಡಿ ಚೆನ್ನಾಗಿ ಓಡುತ್ತದೆ, ಬ್ಲೂ-ರೇ ಸಿನಿಮಾ ಎಳೆದಾಡುತ್ತದೆ. 4ಕೆ ಡಿಸ್ಕ್ ಓಡುವುದೇ ಇಲ್ಲ.
– ಓದುಗರು, ತುಮಕೂರು

ಉತ್ತರ: ಡಿವಿಡಿಗೆ ಹೇಳಿದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬ್ಲೂ-ರೇ ಸಿನಿಮಾಕ್ಕೆ ಸೆಕೆಂಡಿಗೆ 54 ಮೆಗಾಬಿಟ್ ತನಕ ಬೇಕಾಗಬಹುದು, ಚಿತ್ರದ ಅಳತೆ 1920 ಗುಣಿಸು 1080. ಇಲ್ಲಿ ಗ್ರಾಫಿಕ್ಸ್ ಚಿಪ್ಪೇ ಚಿತ್ರ ಬಿಡಿಸಬೇಕು. ಪ್ಲೇಯರಿನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಇದೆಯೇ ನೋಡಿ. ಓಡುವಾಗ ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರ್ ನೂರರ ಹತ್ತಿರ ಇದ್ದರೆ ಅದು ಆಫ್ ಆಗಿದೆ ಅಥವಾ ಡ್ರೈವರ್ ಹಳೆಯದು. ಯುಎಸ್‌ಬಿ ಡ್ರೈವಾದರೆ 3.0 ಪೋರ್ಟಿಗೇ ಹಾಕಿ. ಚಿತ್ರ ಸೆಕೆಂಡಿಗೆ 24ರದಾದ್ದರಿಂದ ಟಿವಿಯಲ್ಲಿ ನೋಡುವಾಗ ರಿಫ್ರೆಶ್ ರೇಟ್ 24 ಹರ್ಟ್ಸ್ ಮಾಡಿ. ಬ್ಲೂ-ರೇಯ ಬೀಗ ಡಿವಿಡಿಯದಕ್ಕಿಂತ ಗಟ್ಟಿ. ವಿಎಲ್‌ಸಿ ಒಂದೇ ಸಾಲದು, ಡ್ರೈವಿನ ಜೊತೆ ಬಂದ ಪರವಾನಗಿಯುಳ್ಳ ಪ್ಲೇಯರನ್ನೇ ಬಳಸಿ, ಅದನ್ನು ಅಪ್‌ಡೇಟ್ ಮಾಡಿ. ಹೊಸ ಡಿಸ್ಕುಗಳು ಹೊಸ ಕೀಲಿ ಕೇಳುತ್ತವೆ.

4ಕೆ ಡಿಸ್ಕಿನ ಆಸೆಗೆ ಈ ಕಂಪ್ಯೂಟರಿನ ಮೇಲೆ ದುಡ್ಡು ಸುರಿಯಬೇಡಿ. ಆ ಡಿಸ್ಕನ್ನು ಅಧಿಕೃತವಾಗಿ ಓಡಿಸುವ ಪ್ಲೇಯರ್ ಇಂಟೆಲ್ ಪ್ರೊಸೆಸರಿನ ಎಸ್‌ಜಿಎಕ್ಸ್ ಎಂಬ ಭದ್ರತಾ ಸೌಲಭ್ಯವನ್ನು ಕೇಳುತ್ತದೆ. 11ನೇ ತಲೆಮಾರಿನಿಂದ ಇಂಟೆಲ್ ತನ್ನ ಮನೆಬಳಕೆಯ ಪ್ರೊಸೆಸರುಗಳಲ್ಲಿ ಅದನ್ನು ಕೈಬಿಟ್ಟಿದೆ, ಎಎಮ್‌ಡಿಯಲ್ಲಿ ಅದು ಇಲ್ಲವೇ ಇಲ್ಲ. ಹೊಸ ಕಂಪ್ಯೂಟರ್ ಕೊಂಡಷ್ಟೂ ಅದು ದೂರವೇ ಹೋಗುತ್ತದೆ. 4ಕೆ ಡಿಸ್ಕುಗಳನ್ನು ಟಿವಿಗೆ ನೇರವಾಗಿ ಸೇರಿಸುವ ಬೇರೆ ಪ್ಲೇಯರಿನಲ್ಲಿ ನೋಡಿ, ಈ ಡ್ರೈವನ್ನು ಉಳಿದ ಬ್ಲೂ-ರೇ, ಡಿವಿಡಿಗಳಿಗೆ ಇಟ್ಟುಕೊಳ್ಳಿ.